ವಾರ್ಟೆಕ್ಸ್ 10: ಭವಿಷ್ಯ ಕೇಳಬೇಡಿ, ಪ್ರಶ್ನೆ ಕೇಳಿ

ಒಂದು ಜಾತಿಯಲ್ಲಿ ಉಳಿದಿರುವುದೇ ನಲವತ್ತೋ ಐವತ್ತೋ ಪ್ರಾಣಿ. ಇನ್ನು ನೂರು ವರ್ಷ ಅದು ಬಾಳುತ್ತದಾ? ಈ ಲೆಕ್ಕ ಹಾಕಲು ಸಿಗುವ ಸಾಫ್ಟ್‌ವೇರ್‌ಗಳು ಬೆರಳೆಣಿಕೆಯಷ್ಟು. ಅದರಲ್ಲಿ ತುಂಬ ಬಳಕೆಯಲ್ಲಿರುವುದು ವಾರ್ಟೆಕ್ಸ್. ನಾನು ಕಾಡು ಸುತ್ತುವವಳಲ್ಲ. ಸುತ್ತಿ ಬಂದವರ ನೋಟ್‌ಬುಕ್‌ನಲ್ಲಿರುವ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆಯುವವಳು. ಹಾಗಾಗಿ ಈ ವಿಮರ್ಶೆ ಮೇಜಿನ ಮುಂದೆ ಕೂತವಳ ಕಡೆಯಿಂದ ಅಂತ ತಿಳಿದುಕೊಳ್ಳಿ.

ಮೊದಲು ಸಣ್ಣಪುಟ್ಟ ವಿಷಯ ಮುಗಿಸಿಬಿಡುತ್ತೇನೆ. ವಾರ್ಟೆಕ್ಸ್ ಉಚಿತ. ಶಿಕಾಗೋ ಝೂಆಲಾಜಿಕಲ್ ಸೊಸೈಟಿಯ ರಾಬರ್ಟ್ ಲೇಸಿ ಇದನ್ನು ಕಟ್ಟಿದ ಮುಖ್ಯ ವ್ಯಕ್ತಿ. ವಿಂಡೋಸ್‌ನಲ್ಲಿ ಮಾತ್ರ ನೇರವಾಗಿ ಓಡುತ್ತದೆ. ಮ್ಯಾಕ್ ಇದ್ದವರು ಒಳಗೊಂದು ವಿಂಡೋಸ್ ಕೂರಿಸಿಕೊಳ್ಳಬೇಕು. ನೋಡಲು ಚೆಂದ ಇಲ್ಲ. ಟ್ಯಾಬ್ ಮೇಲೆ ಟ್ಯಾಬ್, ತುಂಬಬೇಕಾದ ಖಾಲಿ ಚೌಕಗಳ ಸಾಲು. ಮ್ಯಾನ್ಯುಯಲ್ ಮಾತ್ರ ನಿಜಕ್ಕೂ ಚೆನ್ನಾಗಿದೆ. ಯಾವ ಚೌಕದ ಹಿಂದೆ ಯಾವ ಜೀವಶಾಸ್ತ್ರ ಇದೆ ಅಂತ ಬಿಡಿಸಿ ಹೇಳುತ್ತದೆ.

ಇದು ಒಟ್ಟು ಸಂಖ್ಯೆಯನ್ನು ಗುಣಿಸಿ ಭಾಗಿಸಿ ಕೂರುವುದಿಲ್ಲ. ಒಂದೊಂದು ಪ್ರಾಣಿಯನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ. ಈ ವರ್ಷ ಈ ಹೆಣ್ಣು ಮರಿ ಹಾಕಿತೇ? ಹುಟ್ಟಿದ್ದು ಗಂಡೋ ಹೆಣ್ಣೋ? ಅದು ಚಳಿಗಾಲ ದಾಟಿತೇ? ಪ್ರತಿಯೊಂದಕ್ಕೂ ಒಳಗೆ ಒಂದು ನಾಣ್ಯ ಚಿಮ್ಮುತ್ತದೆ. ನೂರು ವರ್ಷ ಹೀಗೆ ಓಡಿಸಿ, ಮತ್ತೆ ಮೊದಲಿನಿಂದ ಶುರು. ನಾನು ಸಾಮಾನ್ಯವಾಗಿ 1000 ಸಲ ಓಡಿಸುತ್ತೇನೆ. ಎಷ್ಟು ಓಟಗಳಲ್ಲಿ ಜಾತಿ ನಿರ್ನಾಮವಾಯಿತು ಅನ್ನುವುದೇ ಅಳಿವಿನ ಸಂಭವ.

ಇಷ್ಟೆಲ್ಲ ಯಾಕೆ, ಸರಾಸರಿ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾವಿರಾರು ಪ್ರಾಣಿ ಇದ್ದರೆ ಸಾಕು. ಆರು ಮರಿ ಮಾತ್ರ ಹುಟ್ಟುವ ವರ್ಷದಲ್ಲಿ ಆರೂ ಗಂಡಾಗುವ ಸಾಧ್ಯತೆ 64ರಲ್ಲಿ 1. ಚಿಕ್ಕದು ಅನ್ನಿಸುತ್ತದೆ, ಆದರೆ ನೂರು ವರ್ಷದಲ್ಲಿ ಯಾವುದೋ ಒಂದು ವರ್ಷ ಹಾಗೆ ಆಗಿಯೇ ಆಗಬಹುದು. ಅಮೆರಿಕದ ಫ್ಲಾರಿಡಾದಲ್ಲಿದ್ದ ಡಸ್ಕಿ ಸೀಸೈಡ್ ಸ್ಪ್ಯಾರೋ ಎಂಬ ಪುಟ್ಟ ಗುಬ್ಬಿಯ ಕತೆ ಹೀಗೇ ಮುಗಿಯಿತು. ಕೊನೆಗೆ ಸಿಕ್ಕಿದ ನಾಲ್ಕಾರು ಹಕ್ಕಿಗಳೆಲ್ಲ ಗಂಡೇ. ಕೊನೆಯದು ಸತ್ತದ್ದು 1987ರಲ್ಲಿ. ಲೆಕ್ಕದಲ್ಲಿ ಆ ಗುಬ್ಬಿ ಅದಕ್ಕೂ ಎಷ್ಟೋ ಮುಂಚೆ ಹೋಗಿತ್ತು. ವಾರ್ಟೆಕ್ಸ್‌ನಲ್ಲಿ ಅಳಿವು ಅಂದರೇನು ಅಂತ ಆರಿಸುವ ಜಾಗದಲ್ಲಿ 'ಒಂದೇ ಲಿಂಗ ಉಳಿದಾಗ' ಅನ್ನುವ ಆಯ್ಕೆ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಈ ಗುಬ್ಬಿಯೇ ನೆನಪಾಗುತ್ತದೆ.

ಗಂಡು–ಹೆಣ್ಣಿನ ಲೆಕ್ಕ ಇನ್ನೊಂದು ಕಡೆಯೂ ಕಾಡುತ್ತದೆ. ಹಿಂಡಿನಲ್ಲಿ 20 ಹೆಣ್ಣು ಇದ್ದು, ಮರಿಗಳಿಗೆಲ್ಲ ಎರಡೇ ಗಂಡು ಅಪ್ಪಂದಿರಾದರೆ, ತಳಿಶಾಸ್ತ್ರದ ಪ್ರಕಾರ ಅದು 22ರ ಹಿಂಡಲ್ಲ. ಗಂಡು–ಹೆಣ್ಣು ಸಮಸಮ ಇರುವ ಸುಮಾರು 7ರ ಹಿಂಡಿಗೆ ಸಮ. ಅಂಥ ಹಿಂಡು ಪ್ರತಿ ತಲೆಮಾರಿಗೆ ತನ್ನ ತಳಿ ವೈವಿಧ್ಯದಲ್ಲಿ ಶೇ 7ರಷ್ಟು ಕಳೆದುಕೊಳ್ಳುತ್ತದೆ. ಸ್ವಲ್ಪ ಕಾಲಕ್ಕೆ ಕನಿಷ್ಠ 50, ದೀರ್ಘಕಾಲಕ್ಕೆ 500 ಬೇಕು ಅಂತ ತಳಿವಿಜ್ಞಾನಿ ಫ್ರ್ಯಾಂಕ್ಲಿನ್ 1980ರಲ್ಲಿ ಕೊಟ್ಟ 50/500 ಸೂತ್ರವನ್ನು ತಲೆ ಎಣಿಸಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ 50 ತಲೆಗಳ ಸಂಖ್ಯೆಯಲ್ಲ, ಈ 7 ಇದೆಯಲ್ಲ, ಆ ಥರದ ಸಂಖ್ಯೆ. ವಾರ್ಟೆಕ್ಸ್‌ನಲ್ಲಿ 'ಸಂತಾನಕ್ಕೆ ಬರುವ ಗಂಡುಗಳು ಶೇಕಡಾ ಎಷ್ಟು' ಅಂತ ಒಂದು ಚೌಕ ಇದೆ. ದಯವಿಟ್ಟು ಅದನ್ನು ಸುಮ್ನೆ 100 ಅಂತ ಬಿಡಬೇಡಿ.

ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟಿದ ಮರಿಗಳು ಜಾಸ್ತಿ ಸಾಯುತ್ತವೆ. ಇದಕ್ಕೂ ಒಂದು ಚೌಕ ಉಂಟು. ಅಲ್ಲಿನ ಅಂಕಿ ದೊಡ್ಡದಾದಷ್ಟು ಸಾವು ಜಾಸ್ತಿ. ತಾನಾಗಿ ಬರುವ ಅಂಕಿ 6.29. ಹಳೆಯ ಆವೃತ್ತಿಗಳಲ್ಲಿ 3.14 ಇತ್ತು. ಅದು ಮೃಗಾಲಯದಲ್ಲಿ ಸಾಕಿದ 40 ಸಸ್ತನಿ ಗುಂಪುಗಳ ದಾಖಲೆ ನೋಡಿ ಬಂದದ್ದು, 1988ರ ಅಧ್ಯಯನ. ಹೊಟ್ಟೆ ತುಂಬ ಊಟ, ಪಕ್ಕದಲ್ಲೇ ಡಾಕ್ಟರು ಇರುವ ಪ್ರಾಣಿಗಳ ಅಂಕಿಯನ್ನು ಕಾಡಿನವಕ್ಕೆ ಹಾಕಿದರೆ ಕಮ್ಮಿಯೇ ಬರುತ್ತದೆ ಬಿಡಿ. ಈ ಬದಲಾವಣೆ ನನಗೆ ಇಷ್ಟವಾಯಿತು. ಆದರೂ ಇದು ನಿಮ್ಮ ಪ್ರಾಣಿಯ ಅಂಕಿಯಲ್ಲ, ಬೇರೆಬೇರೆ ಪ್ರಾಣಿಗಳ ಸರಾಸರಿ. ರಕ್ತಸಂಬಂಧದ ಪೆಟ್ಟು ಎಷ್ಟು ಜೋರು ಅಂತ ನೋಡಬೇಕಾದರೆ ಫ್ಲಾರಿಡಾ ಪ್ಯಾಂಥರ್ ಎಂಬ ಪ್ಯೂಮಾ ಇದೆ. ಇಪ್ಪತ್ತು ಮೂವತ್ತಕ್ಕೆ ಇಳಿದು, ಬಾಲ ಮುರಿದಂತೆ ಡೊಂಕಾಗಿ, ಗಂಡುಗಳ ವೃಷಣ ಕೆಳಗಿಳಿಯದೆ ಒದ್ದಾಡುತ್ತಿದ್ದವು. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣು ಪ್ಯೂಮಾ ತಂದು ಬಿಟ್ಟರು. ಆಮೇಲೆ ಸಂಖ್ಯೆ ನೂರು ದಾಟಿತು. ಹೊರಗಿನಿಂದ ಪ್ರಾಣಿ ತಂದು ಬಿಡುವುದನ್ನು ಪರೀಕ್ಷಿಸಲು ವಾರ್ಟೆಕ್ಸ್‌ನಲ್ಲಿ ಪ್ರತ್ಯೇಕ ಟ್ಯಾಬ್ ಇದೆ. ಯಾವ ವರ್ಷ, ಎಷ್ಟು, ಯಾವ ವಯಸ್ಸಿನವು, ಎಲ್ಲ ಬದಲಾಯಿಸಿ ನೋಡಬಹುದು.

ಜನ ಹೆಚ್ಚಾಗಿ ಹಾರಿಸಿಬಿಡುವುದು ವಿಪತ್ತಿನ ಟ್ಯಾಬ್. ಅಲ್ಲಿ ಸೊನ್ನೆ ಬಿಟ್ಟರೂ ಪ್ರೋಗ್ರಾಂ ತಕರಾರಿಲ್ಲದೆ ಓಡುತ್ತದೆ, ಉತ್ತರವೂ ಸಿಹಿಯಾಗಿ ಬರುತ್ತದೆ. ಹೀತ್ ಹೆನ್ ಎಂಬ ನೆಲಹಕ್ಕಿಗೆ ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ 1908ರಲ್ಲಿ ರಕ್ಷಿತ ಜಾಗ ಮಾಡಿಕೊಟ್ಟರು. ನೂರು ಕೂಡ ಇಲ್ಲದ ಹಕ್ಕಿ ಕೆಲವೇ ವರ್ಷದಲ್ಲಿ 2000ದ ಹತ್ತಿರ ಬಂತು. ಎಲ್ಲರೂ ಗೆದ್ದೆವು ಅಂದುಕೊಂಡರು. 1916ರಲ್ಲಿ ಗೂಡು ಕಟ್ಟುವ ಕಾಲಕ್ಕೇ ಬೆಂಕಿ ಬಿತ್ತು. ಹಿಂದೆಯೇ ಕೆಟ್ಟ ಚಳಿಗಾಲ, ಗಿಡುಗಗಳ ದಾಳಿ, ಆಮೇಲೆ ಸಾಕುಕೋಳಿಗಳಿಂದ ಬಂದ ರೋಗ. ಉಳಿದವುಗಳಲ್ಲಿ ಗಂಡುಗಳೇ ಜಾಸ್ತಿ. ಕೊನೆಯ ಹಕ್ಕಿ ಕಂಡದ್ದು 1932ರಲ್ಲಿ. ಸರಾಸರಿ ವರ್ಷಗಳ ಅಂಕಿಯಷ್ಟೇ ಹಾಕಿದ್ದರೆ ಯಾವ ಲೆಕ್ಕವೂ ಇದನ್ನು ಹಿಡಿಯುತ್ತಿರಲಿಲ್ಲ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಒಂದು ತಲೆಮಾರಿನ ಅವಧಿಯಲ್ಲಿ ಅರ್ಧಕ್ಕರ್ಧ ಸಾಯುವಂಥ ವಿಪತ್ತು ಬರುವ ಸಾಧ್ಯತೆ ಸುಮಾರು ಶೇ 14 ಅಂತ 2003ರ ಒಂದು ಅಧ್ಯಯನ ಹೇಳಿದೆ. ಬೇರೆ ಮಾಹಿತಿ ಇಲ್ಲದಿದ್ದರೆ ನಾನು ಅದನ್ನೇ ಒಂದು ವರ್ಷದ ಲೆಕ್ಕಕ್ಕೆ ಇಳಿಸಿ ಹಾಕುತ್ತೇನೆ. ಸೊನ್ನೆಗಿಂತ ಎಷ್ಟೋ ವಾಸಿ.

ಫಲಿತಾಂಶದ ಪುಟದಲ್ಲಿ ಎಲ್ಲರ ಕಣ್ಣು ಅಳಿವಿನ ಸಂಭವಕ್ಕೇ ಹೋಗುತ್ತದೆ. ನಾನು ಮೊದಲು ನೋಡುವುದು ಬೆಳವಣಿಗೆ ದರದ ಎರಡು ಅಂಕಿಗಳನ್ನು. ಒಂದು, ಏರಿಳಿತವೇ ಇಲ್ಲ ಅಂದುಕೊಂಡು ಹಾಕಿದ ಲೆಕ್ಕದ್ದು. ಇನ್ನೊಂದು, ಸಿಮ್ಯುಲೇಷನ್‌ನಲ್ಲಿ ನಿಜವಾಗಿ ಬಂದದ್ದು. ಮೊದಲನೆಯದು ಸೊನ್ನೆಗಿಂತ ಮೇಲೆ, ಎರಡನೆಯದು ಕೆಳಗೆ ಇದ್ದರೆ ಗೊತ್ತಾಯಿತು: ಈ ಪ್ರಾಣಿಗೆ ಬದುಕುವ ಶಕ್ತಿ ಇದೆ, ಸಂಖ್ಯೆ ಸಾಲದೆ ಅದೃಷ್ಟ ಕೆಡಿಸುತ್ತಿದೆ. ಎರಡೂ ಸೊನ್ನೆಗಿಂತ ಕೆಳಗಿದ್ದರೆ ಬೇರೇನೋ ಕೊಲ್ಲುತ್ತಿದೆ. ಆಗ ಹೊರಗಿನಿಂದ ಎಷ್ಟು ತಂದು ಬಿಟ್ಟರೂ ತೂತು ಮಡಕೆಗೆ ನೀರು ಹೊಯ್ದಂತೆ. ಪರಿಸರವಿಜ್ಞಾನಿ ಗ್ರೇಮ್ ಕಾಫ್ಲಿ 1994ರಲ್ಲಿ ಇದೇ ಜಗಳ ತೆಗೆದಿದ್ದರು. ಚಿಕ್ಕ ಸಂಖ್ಯೆಯ ತೊಂದರೆ ಬೇರೆ, ಸಂಖ್ಯೆ ಇಳಿಸಿದ ಕಾರಣ ಬೇರೆ, ಎರಡನೆಯದನ್ನು ಹುಡುಕದೆ ಮೊದಲನೆಯದರ ಲೆಕ್ಕದಲ್ಲೇ ಮುಳುಗಬೇಡಿ ಅಂತ. ಅವರು ಹೇಳಿದ್ದು ಸರಿ ಅಂತಲೇ ನನ್ನ ಅನಿಸಿಕೆ. ವಾರ್ಟೆಕ್ಸ್ ಕಾರಣ ಹುಡುಕುವುದಿಲ್ಲ.

ನಾನು ಈ ಸಾಫ್ಟ್‌ವೇರ್ ಬಿಡದೇ ಇರುವುದು ಸೆನ್ಸಿಟಿವಿಟಿ ಟೆಸ್ಟ್ ಎಂಬ ಟ್ಯಾಬ್‌ಗಾಗಿ. ಒಂದು ಅಂಕಿಯನ್ನು ಮೇಲೆ ಕೆಳಗೆ ಆಡಿಸಿದರೆ ಫಲಿತಾಂಶ ಎಷ್ಟು ಅಲ್ಲಾಡುತ್ತದೆ ಅಂತ ಅದು ತೋರಿಸುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ, ತುಂಬ ವರ್ಷ ಬದುಕುವ ಒಂದು ದೊಡ್ಡ ಹಕ್ಕಿಯ ಅಂಕಿಗಳು ನನ್ನ ಮುಂದೆ ಬಂದಿದ್ದವು. ತಂಡದವರು ಗೂಡುಗಳನ್ನು ಬಹಳ ಶ್ರದ್ಧೆಯಿಂದ ಎಣಿಸಿದ್ದರು. ಎಷ್ಟು ಮೊಟ್ಟೆ, ಎಷ್ಟು ಒಡೆದವು, ಎಷ್ಟು ಮರಿ ಹಾರಿದವು, ಎಲ್ಲ ಇತ್ತು. ದೊಡ್ಡ ಹಕ್ಕಿಗಳು ವರ್ಷಕ್ಕೆ ಎಷ್ಟು ಸಾಯುತ್ತವೆ ಅನ್ನುವ ಕಡೆ ಪೆನ್ಸಿಲಿನಲ್ಲಿ '5ರಿಂದ 10?' ಅಂತಿತ್ತು. ಶೇ 5 ಸತ್ತರೆ ದೊಡ್ಡದಾದ ಹಕ್ಕಿ ಸರಾಸರಿ ಇನ್ನೂ 20 ವರ್ಷ ಬಾಳುತ್ತದೆ. ಶೇ 10 ಆದರೆ 10 ವರ್ಷ. ಅಂದರೆ ಇಡೀ ಆಯುಷ್ಯದಲ್ಲಿ ಇಡುವ ಮೊಟ್ಟೆ ಅರ್ಧಕ್ಕೆ ಇಳಿಯಿತು! ಗ್ರಾಫ್‌ನಲ್ಲಿ ಗೂಡಿನ ಗೆರೆ ಹೆಚ್ಚುಕಮ್ಮಿ ಮಲಗಿತ್ತು. ಸಾವಿನ ಗೆರೆ ಬೆಟ್ಟ ಇಳಿದಂತೆ ಇಳಿದಿತ್ತು. ಮುಂದಿನ ಸೀಸನ್‌ಗೆ ತಂಡ ಗೂಡಿನ ಕೆಲಸ ಕಮ್ಮಿ ಮಾಡಿ, ಹಕ್ಕಿಗಳ ಕಾಲಿಗೆ ಬಳೆ ಹಾಕಿ ಗುರುತಿಡಲು ಶುರು ಮಾಡಿತು. ನನ್ನ ಮಟ್ಟಿಗೆ ವಾರ್ಟೆಕ್ಸ್ ಇರುವುದೇ ಈ ಕೆಲಸಕ್ಕೆ.

ಇದಕ್ಕೆ ಉಲ್ಟಾ ಬಳಸುವವರೂ ಇದ್ದಾರೆ. ಯಾವುದೋ ಸಂಸ್ಥೆಯ ವರದಿಯೊಂದರಲ್ಲಿ ಅಳಿವಿನ ಸಂಭವವನ್ನು ದಶಮಾಂಶ ಬಿಂದು ಸಮೇತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಒಳಗಿನ ಅರ್ಧ ಅಂಕಿಗಳು ಊಹೆ. ಪ್ರೋಗ್ರಾಂ ನೀವು ಕೊಟ್ಟದ್ದನ್ನೇ ನಂಬುತ್ತದೆ, ಪಾಪ. ಇಂಥ ಲೆಕ್ಕಗಳು ಒಟ್ಟಾರೆ ಸರಿ ಬರುತ್ತವೆ ಅಂತ 2000ರಲ್ಲಿ 21 ಪ್ರಾಣಿಸಮೂಹಗಳ ದೀರ್ಘಕಾಲದ ದಾಖಲೆ ಇಟ್ಟುಕೊಂಡು ತೋರಿಸಿದರು. ಮರುವರ್ಷವೇ ಬೇರೆಯವರು ತಕರಾರು ಎತ್ತಿದರು: ಅಂಥ ಒಳ್ಳೆಯ ದಾಖಲೆ ಎಷ್ಟು ಪ್ರಾಣಿಗೆ ಇದೆ, ನಾಳೆಯ ಪರಿಸ್ಥಿತಿ ಇವತ್ತಿನಂತೆಯೇ ಇರುತ್ತದಾ? ನಾನು ತಕರಾರಿನವರ ಕಡೆ. ಆದರೆ ಎರಡು ಉಪಾಯಗಳಲ್ಲಿ ಯಾವುದು ವಾಸಿ ಅಂತ ಹೋಲಿಸಲು ಈ ಲೆಕ್ಕ ಧಾರಾಳ ಸಾಕು.

ಮೀನು, ಕಪ್ಪೆ, ಕೀಟದವರು ಇತ್ತ ಬರಬೇಡಿ. ಸಾವಿರಗಟ್ಟಲೆ ಮೊಟ್ಟೆ ಇಡುವ ಜೀವಿಗಳಿಗೆ ಒಂದೊಂದನ್ನೇ ಎಣಿಸುವ ಈ ಕ್ರಮ ಒಗ್ಗುವುದಿಲ್ಲ, ಓಟವೂ ತೆವಳುತ್ತದೆ. ಸಸ್ತನಿ, ಹಕ್ಕಿ, ಆಮೆ ಥರದವಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಮಾಡಿದ್ದು ತಾನಾಗಿ ತುಂಬಿಕೊಳ್ಳುವ ಅಂಕಿಗಳಿಗಾಗಿ. ಬಳಸಿದವರು ಮುಟ್ಟದೇ ಬಿಟ್ಟ ಚೌಕಗಳನ್ನು ಫಲಿತಾಂಶದ ಪುಟದಲ್ಲೇ ಕೆಂಪು ಬಣ್ಣದಲ್ಲಿ ತೋರಿಸಿದ್ದರೆ ಐದೂ ಕೊಡುತ್ತಿದ್ದೆ.