ಸೋರಿಯಾಸಿಸ್: ಬರೀ ಬೆಳಕು ಸಾಕಾ, ಜೊತೆಗೆ ಮಾತ್ರೆಯೂ ಬೇಕಾ?

ಸೋರಿಯಾಸಿಸ್ ಅಂದರೆ ಚರ್ಮದ ಮೇಲೆ ಹೊಟ್ಟು ಏಳುವ ಮಚ್ಚೆಗಳ ಕಾಯಿಲೆ. ಮೊದಲು ನೋಡಬೇಕಾದ್ದು ಆ ಮಚ್ಚೆ ಎಷ್ಟು ದಪ್ಪ ಇದೆ ಅನ್ನೋದು. ತೆಳುವಾಗಿದ್ದರೆ 311 ನ್ಯಾನೋಮೀಟರಿನ ಯುವಿಬಿ (ಅತಿನೇರಳೆ ಬೆಳಕಿನ ಒಂದು ಬಗೆ) ಒಂದೇ ಸಾಕಾಗಬಹುದು. ಗರ್ಭಿಣಿಯರಿಗೂ ಕೊಡುತ್ತಾರೆ. ಕಷ್ಟ ಅಂದರೆ ಓಡಾಟ: ವಾರಕ್ಕೆ 2-3 ಸಲ, ತಿಂಗಳುಗಟ್ಟಲೆ.

ಹೊಟ್ಟು ದಪ್ಪಗೆ ಕೂತಿದ್ದರೆ ಬೆಳಕು ಒಳಗೆ ಇಳಿಯುವುದಿಲ್ಲ. ಅಸಿಟ್ರೆಟಿನ್ ಮಾತ್ರೆ ಆ ಪದರವನ್ನು ತೆಳುಮಾಡುತ್ತದೆ, ಕಡಿಮೆ ಬೆಳಕಿನಲ್ಲೇ ಕೆಲಸ ಆಗುತ್ತದೆ. ತುಟಿ ಒಣಗಿ ಒಡೆಯುತ್ತದೆ. ಲಿವರ್ ಮತ್ತು ಕೊಬ್ಬಿನ ರಕ್ತಪರೀಕ್ಷೆ ಆಗಾಗ ಮಾಡಿಸಬೇಕು. ಮುಂದೆ ಮಗು ಬೇಕು ಅನ್ನುವ ಹೆಣ್ಣುಮಕ್ಕಳಿಗೆ ಮಾತ್ರ ಇದು ಬೇಡವೇ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸುವಂತಿಲ್ಲ.

ಮೂರನೆಯದು, ಸೋರಾಲೆನ್ (ಚರ್ಮ ಬೆಳಕಿಗೆ ಹೆಚ್ಚು ಸ್ಪಂದಿಸುವಂತೆ ಮಾಡುವ ಔಷಧ) ನುಂಗಿ ಸುಮಾರು 2 ಗಂಟೆ ಬಿಟ್ಟು ಯುವಿಎ, ಅಂದರೆ ಇನ್ನೊಂದು ಬಗೆಯ ಅತಿನೇರಳೆ ಬೆಳಕು. ದಪ್ಪ ಮಚ್ಚೆಗೆ ಚೆನ್ನಾಗಿ ಹಿಡಿಯುತ್ತದೆ. ವಾಕರಿಕೆ ಬರಬಹುದು, ಆ ದಿನವಿಡೀ ಯುವಿ ತಡೆಯುವ ಕನ್ನಡಕ ಬೇಕು. ವರ್ಷಗಟ್ಟಲೆ ಮಾಡಿದರೆ ಚರ್ಮದ ಕ್ಯಾನ್ಸರ್ ಅಪಾಯವೂ ಏರುತ್ತದೆ. ಹತ್ತಿರದಲ್ಲಿ ಯುವಿಎ ಮೆಷಿನ್ ಇಲ್ಲದವರಿಗೆ ನಮ್ಮಲ್ಲಿ ಡಾಕ್ಟರು ಸೋರಾಲೆನ್ ಜೊತೆ ಬಿಸಿಲನ್ನೇ ಬಳಸಲು ಹೇಳುವುದುಂಟು. ಖರ್ಚು ಉಳಿಯುತ್ತದೆ, ಆದರೆ ಬಿಸಿಲನ್ನು ಅಳೆದು ಕೊಡೋಕಾಗಲ್ಲ ಅಲ್ವಾ? ಸುಟ್ಟುಕೊಳ್ಳುವ ಭಯ ಜಾಸ್ತಿ. ದಯವಿಟ್ಟು ಸ್ವಂತವಾಗಿ ಶುರುಮಾಡಬೇಡಿ.

ಕೀಲುನೋವೂ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಆಗ ಮೆಥೋಟ್ರೆಕ್ಸೇಟ್‌ನಂಥ ಬೇರೆ ಮಾತ್ರೆಯನ್ನೇ ಯೋಚಿಸಬೇಕಾಗಬಹುದು.