ಒಂದೇ ಕಂಪ್ಯೂಟರ್‌ಗೆ ಎರಡು ನೆಟ್‌ವರ್ಕ್: ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಬಳಸಿದ ಅನುಭವ

ನಮ್ಮ ವರ್ಕ್‌ಶಾಪಿನ ಸಿಎನ್‌ಸಿ ಯಂತ್ರಗಳು (ಕಂಪ್ಯೂಟರ್ ಆದೇಶದಂತೆ ಕೆಲಸ ಮಾಡುವ ಯಂತ್ರಗಳು) ಒಂದು ಚಿಕ್ಕ ನೆಟ್‌ವರ್ಕ್ ಸ್ವಿಚ್‌ಗೆ, ಅಂದರೆ ಹಲವು ಸಾಧನಗಳ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆಗೆ, ಜೋಡಿಸಿದ ಪ್ರತ್ಯೇಕ ನೆಟ್‌ವರ್ಕ್‌ನಲ್ಲಿವೆ. ಅದಕ್ಕೆ ಇಂಟರ್ನೆಟ್ ಇಲ್ಲ, ಇರಲೂಬಾರದು. ಯಂತ್ರಗಳನ್ನು ನಡೆಸುವ ಕಂಟ್ರೋಲರ್‌ಗಳಲ್ಲಿರುವ ಹಳೆಯ ತಂತ್ರಾಂಶಕ್ಕೆ ಈಗ ಭದ್ರತಾ ಅಪ್‌ಡೇಟ್‌ಗಳು ಬರುವುದಿಲ್ಲ. ಆದರೆ ಡ್ರಾಯಿಂಗ್‌ಗಳು ಬರುವುದು ಇಮೇಲ್‌ನಲ್ಲಿ, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ಆನ್‌ಲೈನ್‌ನಲ್ಲಿ. ಎರಡೂ ಕೆಲಸ ಒಂದೇ ಕಂಪ್ಯೂಟರ್‌ನಲ್ಲಿ ಆಗಬೇಕಿತ್ತು. ಅದರಲ್ಲಿದ್ದ ಒಂದೇ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗ) ಬ್ರಾಡ್‌ಬ್ಯಾಂಡ್ ರೂಟರ್‌ಗೆ ಮೀಸಲಾಗಿದ್ದರಿಂದ, ಯಂತ್ರಗಳ ಕಡೆಗೆಂದು, ಯುಎಸ್‌ಬಿಗೆ ಚುಚ್ಚಿದರೆ ಇನ್ನೊಂದು ಲ್ಯಾನ್ ಪೋರ್ಟ್ ಕೊಡುವ ಯುಎಸ್‌ಬಿ 3.0 ಗಿಗಾಬಿಟ್ ಈಥರ್ನೆಟ್ ಅಡಾಪ್ಟರ್ ಒಂದನ್ನು ಕೊಂಡೆವು. ಅಂದಿನಿಂದ ಅದು ದಿನವೂ ದುಡಿಯುತ್ತಿದೆ.

ಅಡಾಪ್ಟರ್‌ನ ಬಗ್ಗೆ ಹೇಳುವುದು ಕಡಿಮೆಯೇ. ವಿಂಡೋಸ್ 10 ಅದನ್ನು ತಾನಾಗಿ ಗುರುತಿಸಿತು, ಬೇರೆ ಡ್ರೈವರ್ ಹಾಕಬೇಕಾಗಲಿಲ್ಲ. ಹಳೆಯ ಯುಎಸ್‌ಬಿ 2.0 ಪೋರ್ಟ್‌ಗೆ ಚುಚ್ಚಿದರೆ ಆ ಪೋರ್ಟ್‌ನ ಮಿತಿಯೇ ಸೆಕೆಂಡಿಗೆ 480 ಮೆಗಾಬಿಟ್ ಆದ್ದರಿಂದ ಪೂರ್ಣ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ವೇಗ ಸಿಗದು. ಯಂತ್ರಕ್ಕೆ ಕಳಿಸುವ ಜಿ-ಕೋಡ್ (ಯಂತ್ರ ಹೇಗೆ ಚಲಿಸಬೇಕೆಂಬ ಆದೇಶಗಳ) ಫೈಲ್‌ಗಳು ಚಿಕ್ಕವಾದ್ದರಿಂದ ನಮಗೆ ಅದರಿಂದ ತೊಂದರೆಯಿಲ್ಲ.

ನಿಜವಾದ ಕೆಲಸವಿರುವುದು ಸೆಟ್ಟಿಂಗ್‌ನಲ್ಲಿ. ಎರಡು ನೆಟ್‌ವರ್ಕ್‌ಗಳ ವಿಳಾಸ ಶ್ರೇಣಿಗಳು ಬೇರೆಬೇರೆಯಾಗಿರಲೇಬೇಕು. ಎರಡೂ ಕಡೆ 192.168.1 ಎಂದು ಶುರುವಾಗುವ ವಿಳಾಸಗಳಿದ್ದರೆ ಯಾವ ಮಾಹಿತಿಯನ್ನು ಯಾವ ಕೇಬಲ್‌ಗೆ ಕಳಿಸಬೇಕೆಂಬುದು ಕಂಪ್ಯೂಟರ್‌ಗೆ ಸರಿಯಾಗಿ ತಿಳಿಯುವುದಿಲ್ಲ. ಬಹಳಷ್ಟು ಮನೆ-ಕಚೇರಿ ರೂಟರ್‌ಗಳು ಅದೇ ಶ್ರೇಣಿಯನ್ನು ಹಿಡಿದುಕೊಂಡೇ ಬರುವುದರಿಂದ ಯಂತ್ರಗಳನ್ನು 192.168.50ಕ್ಕೆ ಸರಿಸಿದೆವು. ಅಡಾಪ್ಟರ್‌ಗೆ 192.168.50.10 ಎಂಬ ಸ್ಥಿರ ವಿಳಾಸ, 255.255.255.0 ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ಇದೇ ನೆಟ್‌ವರ್ಕ್‌ನವು ಎಂದು ಹೇಳುವ ಸಂಖ್ಯೆ) ಕೊಟ್ಟು, ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗಳಿಗೆ ಹೋಗುವ ಬಾಗಿಲಿನ ವಿಳಾಸ) ಮತ್ತು ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಸಂಖ್ಯಾ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗಗಳನ್ನು ಖಾಲಿ ಬಿಟ್ಟೆವು. ಆ ಖಾಲಿ ಜಾಗವೇ ಇಡೀ ವ್ಯವಸ್ಥೆಯ ಜೀವಾಳ. ಎರಡೂ ಕಡೆ ಗೇಟ್‌ವೇ ತುಂಬಿದರೆ ವಿಂಡೋಸ್ ಯಾವುದರ ಮೆಟ್ರಿಕ್ (ದಾರಿಗಳ ಆದ್ಯತೆ ಹೇಳುವ ಸಂಖ್ಯೆ) ಕಡಿಮೆಯೋ ಅದನ್ನೇ ಆರಿಸುತ್ತದೆ; ಇಂಟರ್ನೆಟ್‌ಗೆ ಹೋಗಬೇಕಾದ ಮಾಹಿತಿ ದಾರಿಯೇ ಇಲ್ಲದ ಯಂತ್ರಗಳ ಕಡೆಗೆ ಹೊರಟುಬಿಡಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ರೂಟ್ ಪ್ರಿಂಟ್’ (route print) ಕೊಟ್ಟಾಗ, ಹೊರಗೆ ಹೋಗುವ ಮುಖ್ಯ ದಾರಿಯನ್ನು ಸೂಚಿಸುವ 0.0.0.0 ಎಂಬ ಸಾಲು ಒಂದೇ ಇದ್ದು, ಅದು ಬ್ರಾಡ್‌ಬ್ಯಾಂಡ್ ರೂಟರ್‌ನತ್ತ ತೋರಿಸುತ್ತಿದ್ದರೆ ಜೋಡಣೆ ಸರಿಯಾಗಿದೆ ಎಂದರ್ಥ.

ಗೇಟ್‌ವೇ ಇಲ್ಲದ ನೆಟ್‌ವರ್ಕ್ ಅನ್ನು ವಿಂಡೋಸ್ ‘ಅನ್‌ಐಡೆಂಟಿಫೈಡ್’ ಎಂದು ತೋರಿಸಿ ಪಬ್ಲಿಕ್ ವರ್ಗಕ್ಕೆ ಸೇರಿಸುವುದರಿಂದ, ಯಂತ್ರಗಳು ನಮ್ಮ ಶೇರ್ಡ್ ಫೋಲ್ಡರ್‌ನಿಂದ ಪ್ರೋಗ್ರಾಂ ಎತ್ತಿಕೊಳ್ಳಲು, ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಬಿಡುವುದಿಲ್ಲ. ಇದಕ್ಕಾಗಿ ಫೈರ್‌ವಾಲ್ ಅನ್ನೇ ಆಫ್ ಮಾಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಯಂತ್ರಗಳ ವಿಳಾಸಗಳಿಗೆ ಮಾತ್ರ ಅನ್ವಯಿಸುವ ಒಂದು ನಿಯಮ ಬರೆದರೆ ಸಾಕು. ಹಾಗೆಯೇ, ಎರಡು ಸಂಪರ್ಕಗಳನ್ನು ಒಟ್ಟಿಗೆ ಆಯ್ಕೆ ಮಾಡಿದಾಗ ಕಾಣುವ ‘ಬ್ರಿಡ್ಜ್ ಕನೆಕ್ಷನ್ಸ್’ ಅನ್ನು ಒತ್ತಿದರೆ ಎರಡೂ ನೆಟ್‌ವರ್ಕ್‌ಗಳು ಒಂದಾಗಿ, ನಾವು ಬೇರ್ಪಡಿಸಿದ ಉದ್ದೇಶವೇ ಕೆಟ್ಟುಹೋಗುತ್ತದೆ. ಬ್ರಿಡ್ಜ್ ಇಲ್ಲದಿದ್ದರೂ ಎರಡು ಕಡೆಗೂ ಕೈಚಾಚಿರುವ ಈ ಕಂಪ್ಯೂಟರ್‌ಗೆ ವೈರಸ್ ಹೊಕ್ಕರೆ ಅದು ಯಂತ್ರಗಳಿಗೂ ತಲುಪಬಹುದು. ಆದ್ದರಿಂದ ಇದರಲ್ಲಿ ಗೊತ್ತಿಲ್ಲದ ಪೆನ್‌ಡ್ರೈವ್ ಹಾಕಲು ನಾವು ಯಾರಿಗೂ ಬಿಡುವುದಿಲ್ಲ.

ಒಂದೇ ದೂರೆಂದರೆ, ಕಂಪ್ಯೂಟರ್ ಸುಮ್ಮನಿದ್ದಾಗ ಅಡಾಪ್ಟರ್ ಮಲಗಿಬಿಡುತ್ತಿತ್ತು. ಡಿವೈಸ್ ಮ್ಯಾನೇಜರ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಅನುಮತಿಯ ಟಿಕ್ ತೆಗೆದ ಮೇಲೆ ಆ ತೊಂದರೆ ನಿಂತಿತು. ಎರಡು ಬ್ರಾಡ್‌ಬ್ಯಾಂಡ್ ಸಂಪರ್ಕಗಳನ್ನು ಕೂಡಿಸಿ ವೇಗ ಹೆಚ್ಚಿಸಿಕೊಳ್ಳುವ ಆಸೆಯಿಂದ ಇದನ್ನು ಕೊಳ್ಳುವವರಿಗೆ ನಿರಾಸೆಯಾಗುತ್ತದೆ, ಅದಕ್ಕೆ ಬೇರೆಯೇ ಸಾಧನ ಬೇಕು. ನಮ್ಮಂಥ ಅಗತ್ಯವಿರುವವರು ಧೈರ್ಯವಾಗಿ ಕೊಳ್ಳಬಹುದು.