ಲಿಜ್ಜತ್ ಉದ್ದಿನ ಹಪ್ಪಳ: ಲಟ್ಟಣಿಗೆ ಹಿಡಿದು ಗೊತ್ತಿರುವವಳ ಅಭಿಪ್ರಾಯ

ನಮ್ಮ ಶಿರಸಿ ಕಡೆ ಹಪ್ಪಳ ಅಂದ್ರೆ ಹಲಸಿನದು. ಅದನ್ನು ಮನೆಯಲ್ಲೇ ಮಾಡುತ್ತೇವೆ. ಉದ್ದಿನದನ್ನು ಮಾತ್ರ ನಾನು ಅಂಗಡಿಯಿಂದ ತರುತ್ತೇನೆ, ಅದೂ ಲಿಜ್ಜತ್‌ನ ಕಾಳುಮೆಣಸಿನದು. ಉದ್ದಿನ ಹಿಟ್ಟನ್ನು ಹದಕ್ಕೆ ತಂದು, ನಡು ಅಂಚು ಒಂದೇ ತೆಳುವಾಗುವಂತೆ ಲಟ್ಟಿಸುವುದು ಸುಮ್ನೆ ಮಾತಲ್ಲ. ಇದರಲ್ಲಿ ನಡು ಹಸಿ ಉಳಿದು ಅಂಚು ಕರಕಲಾಗುವ ತಾಪತ್ರಯವಿಲ್ಲ. ಅಷ್ಟೂ ಕೈಯಲ್ಲೇ ಲಟ್ಟಿಸಿದ್ದು!

ಕರಿಯುವುದಕ್ಕಿಂತ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟರೆ ರುಚಿ ಜಾಸ್ತಿ. ಬಿಸಿ ಇರುವಾಗಲೇ ಸ್ವಲ್ಪ ತುಪ್ಪ ಸವರಿ. ಮೊದಲು ಇಂಗಿನ ಘಮ, ಆಮೇಲೆ ಮೆಣಸಿನ ಖಾರ. ತಿಳಿಸಾರು ಅನ್ನಕ್ಕೆ ಇದಿದ್ದರೆ ಪಲ್ಯವೇ ಬೇಡ. ಬೆಳ್ಳುಳ್ಳಿಯದೂ ಸಿಗುತ್ತದೆ, ಮಕ್ಕಳಿಗೆ ಅದೇ ಇಷ್ಟ.

1959ರ ಮಾರ್ಚ್ 15ರಂದು ಮುಂಬೈನ ಗಿರಗಾಂವ್‌ನಲ್ಲಿ ಏಳು ಹೆಂಗಸರು ಮಹಡಿ ಮೇಲೆ ಕೂತು ಶುರು ಮಾಡಿದ ಕೆಲಸ ಇದು. ಬಂಡವಾಳ 80 ರೂಪಾಯಿ, ಅದೂ ಸಾಲ. ಮೊದಲ ದಿನ ಆದದ್ದು ನಾಲ್ಕೇ ಪ್ಯಾಕೆಟ್. ಮಳೆಗಾಲ ಬಂದಾಗ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೌ ಇಟ್ಟು ಒಣಗಿಸಿದರು. ಜಡಿಮಳೆಯ ಊರಿನವಳಾದ ನನಗೆ ಈ ಉಪಾಯ ಬಹಳ ಹಿಡಿಸಿತು.

ಈಗ ಸುಮಾರು 45,000 ಹೆಂಗಸರಿದ್ದಾರೆ. ಹಿಟ್ಟು ಕಲಸುವುದು ಶಾಖೆಯಲ್ಲಿ. ಬೆಳಿಗ್ಗೆ ಹೋಗಿ ಕಲಸಿದ ಹಿಟ್ಟು ತಂದು, ಮನೆಯಲ್ಲಿ ಲಟ್ಟಿಸಿ ಒಣಗಿಸಿ, ಮರುದಿನ ಕೊಡುತ್ತಾರೆ. ಲಟ್ಟಿಸುವ ಕೈ ಸಾವಿರಾರು ಇದ್ದರೂ ರುಚಿ ಒಂದೇ ಇರುವುದು ಇದರಿಂದಲೇ. ಲಟ್ಟಿಸಿದ ತೂಕಕ್ಕೆ ತಕ್ಕ ಹಣ ಸಿಗುತ್ತದೆ. ಅದರ ಮೇಲೆ ಲಾಭದಲ್ಲೂ ಪಾಲು, ಯಾಕಂದ್ರೆ ಅವರೆಲ್ಲ ಸದಸ್ಯರು, ಅಂದ್ರೆ ಒಡತಿಯರು. ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಹೆಂಗಸರ ಕೈರುಚಿ ಮಾರಿ ಬೇರೆಯವರು ದುಡ್ಡು ಮಾಡುವುದು ಎಲ್ಲ ಕಡೆ ಇದೆ, ಅಲ್ವಾ? ಮನೆ ಬಿಟ್ಟು ಹೋಗಲಾಗದವಳಿಗೂ ಇಲ್ಲಿ ಪಾಲಿದೆ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಿಕ್ಕಾಗ ನಮ್ಮ ಮನೆಯವರಿಗೇ ಸಿಕ್ಕಷ್ಟು ಖುಷಿಯಾಗಿತ್ತು.

ಧೈರ್ಯವಾಗಿ ತನ್ನಿ. ಉಪ್ಪು ಕಡಿಮೆ ತಿನ್ನುವವರು ಒಂದಕ್ಕೇ ನಿಲ್ಲಿಸಿ. ಪ್ಯಾಕೆಟ್ ಒಡೆದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಂತೂ ಖಂಡಿತ.